ಬೀಗ ಹಾಕಿದವರು ಯಾರು?

ಕಾಮಾಕ್ಷಿಪಾಳ್ಯದಲ್ಲಿ ನಾನು ಒಂಬತ್ತು ವರ್ಷ ಪಾಠ ಹೇಳಿದ ಶಾಲೆ ಈಗ ಇಲ್ಲ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಯಾವುದೋ ಕಚೇರಿಯಲ್ಲಿ ಯಾರೋ ಫೈಲು ತೆಗೆದು, "ಅದನ್ನು ಮುಚ್ಚಿಲ್ಲ ಮೇಡಂ, ವಿಲೀನ ಮಾಡಿದ್ದೇವೆ" ಎಂದು ನನ್ನನ್ನೇ ತಿದ್ದುತ್ತಾರೆ. ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿ, ಲೇತ್ ಮೆಷಿನ್ನುಗಳ ಶೆಡ್ಡುಗಳನ್ನು ದಾಟಿದರೆ ಸಿಗುತ್ತಿದ್ದ ಮೂರು ಕೋಣೆಯ ಶಾಲೆ. ಒಂದರಿಂದ ಐದನೆಯ ತರಗತಿ. ಅಂಗಳದಲ್ಲೊಂದು ಹೊಂಗೆ ಮರ. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು ಶುರುವಾದರೆ ಮಗ್ಗಿ ಹೇಳಿಸುವುದು, ನಿಂತರೆ ಪದ್ಯ ಹೇಳಿಕೊಡುವುದು. ಹೀಗೆ ನಮ್ಮ ವೇಳಾಪಟ್ಟಿಯನ್ನು ಕಾರ್ಖಾನೆಯೇ ನಿರ್ಧರಿಸುತ್ತಿತ್ತು.

2015ರ ಜೂನ್ ತಿಂಗಳಲ್ಲಿ ಒಂದು ದಿನ ನಾನೂ ನಮ್ಮ ಆಯಮ್ಮನೂ ಒಂದು ಆಟೋದಲ್ಲಿ ಆ ಶಾಲೆಯನ್ನು ಹೇರಿಕೊಂಡು ಹೋದೆವು. ಹಾಜರಿ ಪುಸ್ತಕಗಳು, ದಾಖಲಾತಿ ರಿಜಿಸ್ಟರು, ಒಂದು ಗ್ಲೋಬು, ಗಂಟೆ. ಆಯಮ್ಮ ಗಂಟೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಹಳ್ಳ ಬಂದಾಗಲೆಲ್ಲ ಅದು ಟಣ್ ಎನ್ನುತ್ತಿತ್ತು. "ಸುಮ್ನಿರು" ಎಂದು ಅವಳು ಅದಕ್ಕೆ ಗದರುತ್ತಿದ್ದಳು, ಮಗುವಿಗೆ ಹೇಳುವಂತೆ.

ವಿಲೀನ ಎಂಬ ಪದ ಎಷ್ಟು ಚೆನ್ನಾಗಿದೆ ನೋಡಿ! ನದಿ ಸಮುದ್ರದಲ್ಲಿ, ಜೀವ ಪರಮಾತ್ಮನಲ್ಲಿ ವಿಲೀನವಾಗುತ್ತದೆ ಎಂದು ಹರಿಕಥೆಯಲ್ಲಿ ಕೇಳಿದ್ದೆ. ಹನ್ನೊಂದು ಮಕ್ಕಳ ಶಾಲೆಯೊಂದು ಮುಖ್ಯರಸ್ತೆಯಾಚೆಯ ದೊಡ್ಡ ಶಾಲೆಯಲ್ಲಿ ವಿಲೀನವಾಗುವುದನ್ನು ಮಾತ್ರ ಕಣ್ಣಾರೆ ಕಂಡೆ. ನಮ್ಮಲ್ಲಿ ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರವಿದೆಯಲ್ಲ. ಸೇರಿನ ಅಕ್ಕಿ ಒದ್ದು ಒಳಗೆ ಹೋದ ಮಗಳು ಹೇಗಿದ್ದಾಳೆಂದು ನೋಡಲು ಎರಡೇ ದಿನಕ್ಕೆ ಅಣ್ಣನೋ ಸೋದರಮಾವನೋ ಹೋಗಿ ಬರುತ್ತಾರೆ. ವಿಲೀನವಾದ ಶಾಲೆಯ ಮಕ್ಕಳು ಹೇಗಿದ್ದಾರೆ ಎಂದು ನೋಡಲು ಯಾರೂ ಬರಲಿಲ್ಲ. ಕಾಗದದಲ್ಲಿ ಹನ್ನೊಂದೂ ಹೆಸರು ಹೊಸ ಶಾಲೆಗೆ ವರ್ಗವಾಗಿತ್ತು, ಅಲ್ಲಿಗೆ ಲೆಕ್ಕ ಸರಿಹೋಯಿತು.

ಹಾಜರಿ ಕೂಗಿದವಳು ನಾನು, ನನಗೆ ಲೆಕ್ಕ ಸರಿಹೋಗಲಿಲ್ಲ. ಹನ್ನೊಂದರಲ್ಲಿ ಬಂದವರು ಆರು ಜನ. ಇಬ್ಬರನ್ನು ಅಪ್ಪ ಅಮ್ಮ ಸಾಲ ಮಾಡಿ ಬೀದಿಯ ಕೊನೆಯ 'ಕಾನ್ವೆಂಟಿ'ಗೆ ಹಾಕಿದರು. ಒಬ್ಬ ಹುಡುಗನನ್ನು ಯಾದಗಿರಿ ಕಡೆಯ ಊರಿಗೆ ಅಜ್ಜಿಯ ಹತ್ತಿರ ಕಳಿಸಿದರು. ಉಳಿದಿಬ್ಬರು ಅಕ್ಕ ತಮ್ಮ. ಅವಳು ನಾಲ್ಕನೇ ತರಗತಿ, ಅವನು ಒಂದನೇ ತರಗತಿ. ಅವರ ತಾಯಿ ಗಾರ್ಮೆಂಟ್ಸ್‌ಗೆ ಹೋಗುವವಳು. ಬೆಳಿಗ್ಗೆ ಎಂಟೂವರೆಗೆಲ್ಲ ಮನೆ ಬಿಡಬೇಕು. ನಮ್ಮ ಶಾಲೆಯಾದರೆ ಮನೆಯಿಂದ ನಾಲ್ಕು ಹೆಜ್ಜೆ, ಬಾಗಿಲಲ್ಲಿ ನಿಂತು ಕೂಗಿದರೆ ಕೇಳಿಸುತ್ತಿತ್ತು. ಹೊಸ ಶಾಲೆ ರಸ್ತೆಯ ಆ ಬದಿಗೆ. ನಾನು ಮನೆಗೆ ಹೋಗಿ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಮೇಡಂ, ಲಾರಿ ಓಡಾಡೋ ರೋಡು. ಇವಳು ಅವನ ಕೈ ಹಿಡ್ಕೊಂಡು ದಾಟಬೇಕು. ಇವಳ ಕೈ ಯಾರು ಹಿಡ್ಕೊಳ್ಳೋರು?"

ಶಿಕ್ಷಣ ಹಕ್ಕು ಕಾಯ್ದೆ 2009ರದು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ಒಂದರಿಂದ ಐದನೇ ತರಗತಿಯವರಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟರವರಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಅದರಡಿಯ ನಿಯಮ. ನಮ್ಮ ಹೊಸ ಶಾಲೆ ನಕ್ಷೆಯಲ್ಲಿ ಒಂದು ಕಿಲೋಮೀಟರ್ ಒಳಗೇ ಇತ್ತು, ತಪ್ಪು ಹುಡುಕುವಂತಿರಲಿಲ್ಲ. ಆದರೆ ನಕ್ಷೆಯಲ್ಲಿ ಲಾರಿ ಓಡುವುದಿಲ್ಲವಲ್ಲ! ಅಳತೆ ಹಿಡಿದವರು ಜೀಪಿನಲ್ಲಿ ಬಂದವರು. ಒಂಬತ್ತು ವರ್ಷದ ಹುಡುಗಿ ಆರು ವರ್ಷದ ತಮ್ಮನ ಕೈಹಿಡಿದು ಅಳೆಯುವ ಕಿಲೋಮೀಟರೇ ಬೇರೆ. ಅಡುಗೆಮನೆಯ ಅಳತೆಗೂ ಪುಸ್ತಕದ ಅಳತೆಗೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಬೇಕಾಗಿಲ್ಲ.

"ಮಕ್ಕಳೇ ಇಲ್ಲದ ಶಾಲೆ ಇಟ್ಟುಕೊಂಡು ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಸಾಮಾನ್ಯವಾದದ್ದು. ನಮ್ಮ ಮನೆಯವರೂ ಊಟಕ್ಕೆ ಕೂತಾಗ ಇದನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಐದು ತರಗತಿಗೆ ಒಬ್ಬಳೇ ಟೀಚರಾಗಿ ನಾನು ಒದ್ದಾಡಿದ್ದೇನೆ. ಒಂದು ಗುಂಪಿಗೆ ಕಾಗುಣಿತ, ಇನ್ನೊಂದಕ್ಕೆ ಭಾಗಾಕಾರ, ನಡುವೆ ಬಿಸಿಯೂಟದ ಲೆಕ್ಕ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ 'ನಲಿ-ಕಲಿ' ಪದ್ಧತಿ ಬಂದ ಮೇಲೆ ಸಣ್ಣ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಸುಲಭವಾಯಿತು ಎನ್ನುತ್ತಾರೆ. ಆದರೆ ಓರಗೆಯವರೇ ಇಲ್ಲದ ಮಗುವಿಗೆ ಎಂಥ ಪದ್ಧತಿಯಿಂದಲೂ ಓರಗೆಯವರನ್ನು ತಂದುಕೊಡಲಾಗದು. ಕಬಡ್ಡಿ ಆಡಲು ಎರಡು ತಂಡ ಆಗುತ್ತಿರಲಿಲ್ಲ ನಮ್ಮಲ್ಲಿ. ಹಾಗಾಗಿ ಚಿಕ್ಕ ಶಾಲೆಯೆಲ್ಲ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಬೇರೆ: 2006ರಲ್ಲಿ ನಾನು ಸೇರಿದಾಗ ನೂರು ದಾಟಿದ್ದ ಮಕ್ಕಳು ಹನ್ನೊಂದಕ್ಕೆ ಇಳಿದದ್ದು ಹೇಗೆ? ಯಾರು ಇಳಿಸಿದರು?

ಒಬ್ಬ ಟೀಚರ್ ನಿವೃತ್ತರಾದರು, ಆ ಜಾಗ ತುಂಬಲಿಲ್ಲ. ಇನ್ನೊಬ್ಬರಿಗೆ ವರ್ಗವಾಯಿತು, ಅದೂ ತುಂಬಲಿಲ್ಲ. ಉಳಿದವರಿಗೆ ಮತದಾರರ ಪಟ್ಟಿ, ಜನಗಣತಿ, ಚುನಾವಣೆ. ಈಗಲೂ ಅಷ್ಟೇ ಅನ್ನಿ. 2025ರ ದಸರಾ ರಜೆಯಲ್ಲಿ ನಾವೆಲ್ಲ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಮೊಬೈಲು ಹಿಡಿದು ಮನೆ ಮನೆ ಸುತ್ತಿದೆವು, ಅದು ಮುಗಿಯಲೆಂದು ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಟೀಚರ್ ಇಲ್ಲದ ತರಗತಿಯಿಂದ ಮಗುವನ್ನು ಬಿಡಿಸಿಕೊಂಡು ಹೋಗುವ ತಾಯಿಯನ್ನು ನಾನು ಬೈಯಲಾರೆ.

ಇದರ ಮೇಲೆ 2012ರಲ್ಲಿ ಇನ್ನೊಂದು ಬಂತು. ಅದೇ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸೀಟು ಬಡಮಕ್ಕಳಿಗೆ, ಶುಲ್ಕ ಸರ್ಕಾರದ್ದು. ಬಡವರ ಮಕ್ಕಳೂ ದೊಡ್ಡ ಶಾಲೆಯ ಮೆಟ್ಟಿಲು ಹತ್ತಲಿ, ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಮ್ಮ ಬೀದಿಯಲ್ಲಿ ನಡೆದದ್ದು ಏನು? ಸರ್ಕಾರ ತನ್ನ ಶಾಲೆಯ ಪಕ್ಕದಲ್ಲೇ ಇದ್ದ ಖಾಸಗಿ ಶಾಲೆಗೆ ತಾನೇ ಹಣ ಕೊಟ್ಟು ತನ್ನ ಮಕ್ಕಳನ್ನು ಕಳಿಸಿತು. ಆಮೇಲೆ "ಅಯ್ಯೋ, ನಮ್ಮ ಶಾಲೆಗೆ ಮಕ್ಕಳು ಬರುತ್ತಿಲ್ಲ" ಎಂದು ಹಣೆ ಚಚ್ಚಿಕೊಂಡಿತು. ಮನೆಯ ಅಕ್ಕಿಯನ್ನು ಪಕ್ಕದ ಹೋಟೆಲಿಗೆ ಹೊರಿಸಿ, ಮನೆಯಲ್ಲಿ ಒಲೆ ಉರಿಯುತ್ತಿಲ್ಲವೆಂದು ಗೊಣಗಿದ ಹಾಗೆ. ಕೊನೆಗೆ 2019ರಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲವೆಂದರು. ಅಷ್ಟರಲ್ಲಿ ನಮ್ಮ ಗಂಟೆ ಆಟೋ ಹತ್ತಿ ನಾಲ್ಕು ವರ್ಷವಾಗಿತ್ತು.

ಇಲ್ಲಿಯವರೆಗೆ ಸರ್ಕಾರವನ್ನು ಬೈದದ್ದಾಯಿತು, ಅದು ಸುಲಭ. ಈಗ ನನ್ನ ಸರದಿ.

2010ರ ಬೇಸಿಗೆಯಲ್ಲಿ ದಾಖಲಾತಿ ಆಂದೋಲನವೆಂದು ವೃಷಭಾವತಿ ನಗರದ ವಠಾರಗಳಲ್ಲಿ ಮನೆ ಮನೆಗೆ ಹೋಗುತ್ತಿದ್ದೆ. ಅಗರಬತ್ತಿ ಹೊಸೆಯುತ್ತ ಕೂತಿದ್ದ ಒಬ್ಬ ಹೆಂಗಸಿಗೆ ಬಿಸಿಯೂಟ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ ಎಂದು ಹೇಳಿದೆ. ಮಾತೃಭಾಷೆಯ ಮಹತ್ವವನ್ನೂ ವಿವರಿಸಿದೆ. ಬಿ.ಎಡ್.ನಲ್ಲಿ ಓದಿದ್ದೆಲ್ಲ ಬಾಯಿಗೆ ಬಂತು. ಅವಳು ಕೈ ನಿಲ್ಲಿಸದೆ ಕೇಳಿದಳು: "ನಿಮ್ ಮಗ ಯಾವ ಸ್ಕೂಲಿಗೆ ಹೋಗ್ತಾನೆ ಮೇಡಂ?"

ನನ್ನ ಮಗ ಬಸವೇಶ್ವರನಗರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದ. ಅರ್ಜಿ ಫಾರಂಗಾಗಿ ಬೆಳಗಿನ ಜಾವ ಕ್ಯೂ ನಿಂತವಳು ನಾನೇ, ನಮ್ಮ ಮನೆಯವರಲ್ಲ. ನಾನು ಏನೋ ಗೊಣಗಿ ಎದ್ದು ಬಂದೆ. ಅವಳು ಅಣಕಿಸಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದಳು. ಟೀಚರಮ್ಮನ ಮಗ ಹೋಗುವ ಶಾಲೆ ಒಳ್ಳೆಯದೇ ಇರಬೇಕು ಎಂಬುದು ಅವಳ ಲೆಕ್ಕ. ತಪ್ಪೇನು?

ನಮ್ಮ ಸ್ಟಾಫ್ ರೂಮಿನಲ್ಲಿ ಯಾರ ಮಕ್ಕಳೂ ಸರ್ಕಾರಿ ಶಾಲೆಯಲ್ಲಿರಲಿಲ್ಲ. 1982ರಲ್ಲಿ ಗೋಕಾಕ್ ಚಳವಳಿಗೆ ರಸ್ತೆಗಿಳಿದ ಹಿರಿಯರ ಮನೆಗಳಲ್ಲೂ ಮೊಮ್ಮಕ್ಕಳು ಹೋಗುತ್ತಿದ್ದದ್ದು ಕಾನ್ವೆಂಟಿಗೇ ಎಂಬುದನ್ನು ನಾನು ನೋಡಿದ್ದೇನೆ. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕೆಂದು ಆದೇಶ ಮಾಡಿತು. 2008ರಲ್ಲಿ ಹೈಕೋರ್ಟು ಖಾಸಗಿ ಶಾಲೆಗಳಿಗೆ ಅದನ್ನು ಹೇರುವಂತಿಲ್ಲ ಎಂದಿತು, 2014ರ ಮೇ 6ರಂದು ಸುಪ್ರೀಂ ಕೋರ್ಟೂ ಹಾಗೆಯೇ ಹೇಳಿತು. ನ್ಯಾಯಾಲಯ ಕನ್ನಡಕ್ಕೆ ಅನ್ಯಾಯ ಮಾಡಿತೆಂದು ನಾವೆಲ್ಲ ಮರುಗಿದೆವು. ಮಧ್ಯಾಹ್ನ ಮರುಗಿ, ಸಂಜೆ ಮಗನಿಗೆ ಇಂಗ್ಲಿಷ್ ಡಿಕ್ಟೇಷನ್ ಕೊಟ್ಟೆವು. 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವ ಸಿನಿಮಾ ಬಂದಾಗಲೂ ಹಾಗೇ. ಥಿಯೇಟರಿನಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ನನ್ನ ಪಕ್ಕದಲ್ಲಿ ಕೂತಿದ್ದ ಮಗ ಮೆಲ್ಲಗೆ, "ಅಮ್ಮಾ, ನಿನ್ನ ಸ್ಕೂಲನ್ನು ಯಾಕೆ ಹೀಗೆ ಉಳಿಸಿಕೊಳ್ಳಲಿಲ್ಲ?" ಎಂದ.

ಉಳಿಸಿಕೊಂಡವರಿದ್ದಾರೆ. ಕೋಳಿಕ್ಕೋಡಿನ ಮಲಾಪರಂಬದಲ್ಲಿ ಆಡಳಿತದವರು ಅನುದಾನಿತ ಶಾಲೆಯನ್ನು ಮುಚ್ಚಲು ಹೊರಟು, 2014ರಲ್ಲಿ ಕಟ್ಟಡವನ್ನು ರಾತ್ರೋರಾತ್ರಿ ಕೆಡವಿಸಿದರೆ, ಊರಿನವರು ಸೇರಿ ಮತ್ತೆ ಕಟ್ಟಿದರು. 2016ರಲ್ಲಿ ಕೇರಳ ಸರ್ಕಾರ ಅದನ್ನೂ ಅಂಥವೇ ಇನ್ನು ಮೂರು ಶಾಲೆಗಳನ್ನೂ ತಾನೇ ವಹಿಸಿಕೊಂಡಿತು. ನಮ್ಮ ಮೈಸೂರಿನ ಎನ್.ಟಿ.ಎಂ. ಹೆಣ್ಣುಮಕ್ಕಳ ಶಾಲೆಗಾಗಿಯೂ ಜನ ವರ್ಷಗಟ್ಟಲೆ ಹೋರಾಡಿದರು, ಆದರೂ 2022ರಲ್ಲಿ ವಿವೇಕಾನಂದ ಸ್ಮಾರಕಕ್ಕಾಗಿ ಆ ಹಳೆಯ ಕಟ್ಟಡ ಉರುಳಿತು, ಮಕ್ಕಳು ಬೇರೆ ಶಾಲೆಗೆ ಹೋದರು. ಕಾಮಾಕ್ಷಿಪಾಳ್ಯದಲ್ಲಿ ನಾವು ಒಂದು ಸಹಿ ಸಂಗ್ರಹವನ್ನೂ ಮಾಡಲಿಲ್ಲ. ನಾನು ಸರ್ಕಾರಿ ನೌಕರಳು, ಮಾತಾಡುವಂತಿಲ್ಲ ಎಂದುಕೊಂಡೆ. ಮಾತಾಡಬಹುದಾಗಿದ್ದವರು ಯಾರೂ ತಮ್ಮ ಮಗುವನ್ನು ಅಲ್ಲಿಗೆ ಕಳಿಸುತ್ತಿರಲಿಲ್ಲ.

ಇದು ನಮ್ಮೊಬ್ಬರದೇ ಕಥೆಯೂ ಅಲ್ಲ. 2014ರಲ್ಲಿ ರಾಜಸ್ಥಾನ ಸಾವಿರಾರು ಶಾಲೆಗಳನ್ನು ಹೀಗೇ ಸೇರಿಸಿತು. ಅಮೆರಿಕದ ಷಿಕಾಗೊ ನಗರ 2013ರಲ್ಲಿ ಒಂದೇ ಏಟಿಗೆ ಸುಮಾರು 50 ಶಾಲೆಗಳನ್ನು ಮುಚ್ಚಿತು, ಅಲ್ಲಿಯೂ ಮಕ್ಕಳು ಕಡಿಮೆ, ಹಣ ಕಡಿಮೆ ಎಂಬುದೇ ಕಾರಣ. ಐದು ವರ್ಷದ ನಂತರ ಅಲ್ಲಿನ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ, ಮುಚ್ಚುತ್ತೇವೆಂದು ಹೇಳಿದ ವರ್ಷವೇ ಆ ಮಕ್ಕಳ ಕಲಿಕೆ ಕುಸಿದಿತ್ತೆಂದು ಬರೆದರು. ಬೀಗ ಹಾಕುವ ಮೊದಲೇ, ಬರೀ ಸುದ್ದಿಗೇ! ನನಗೆ ಇದು ಆಶ್ಚರ್ಯವಾಗಲಿಲ್ಲ. ಆ ಏಪ್ರಿಲ್‌ನಲ್ಲಿ ನಮ್ಮ ಮಕ್ಕಳೂ ಪುಸ್ತಕಕ್ಕಿಂತ ಹೆಚ್ಚಾಗಿ ನನ್ನ ಮುಖವನ್ನೇ ಓದುತ್ತಿದ್ದರು.

ಈಗ ಕರ್ನಾಟಕ ಪಬ್ಲಿಕ್ ಶಾಲೆಗಳ ಕಾಲ. ಎಲ್.ಕೆ.ಜಿ.ಯಿಂದ ಪಿ.ಯು.ಸಿ.ವರೆಗೆ ಒಂದೇ ಅಂಗಳದಲ್ಲಿ. 2025ರಲ್ಲಿ ಅದಕ್ಕೆ 'ಮ್ಯಾಗ್ನೆಟ್' ಎಂಬ ಹೆಸರೂ ಸೇರಿದೆ. ಸುತ್ತಲಿನ ಶಾಲೆಗಳನ್ನು ಅದರೊಳಕ್ಕೆ ಸೇರಿಸಿ ಮುಚ್ಚುತ್ತಾರೆಂದು ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದಿವೆ, ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರ್ಕಾರ ಹೇಳುತ್ತಿದೆ. ಒಳ್ಳೆಯ ಶಾಲೆ ಕಟ್ಟುವುದಾದರೆ ನಾನೇ ಮೊದಲು ಕೈಮುಗಿಯುತ್ತೇನೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆದಾಗ ಸಾಹಿತಿಗಳು ವಿರೋಧಿಸಿದರು, ಅವರ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಅಗರಬತ್ತಿ ಹೊಸೆಯುವವಳಿಗೆ ಮಾತ್ರ ಮಾತೃಭಾಷೆ, ನನ್ನ ಮಗನಿಗೆ ಇಂಗ್ಲಿಷ್ ಎಂದು ಇನ್ನೊಮ್ಮೆ ಹೇಳುವ ಮುಖ ನನಗಿಲ್ಲ.

ನಾನು ಕೇಳುವುದು ಕ್ರಮ ತಪ್ಪಬೇಡಿ ಎಂದು. ಹೊಸ ಮನೆಯ ಒಲೆ ಹೊತ್ತಿದ ಮೇಲೆ ಹಳೆಯ ಒಲೆ ಆರಿಸಬೇಕು. ಮೊದಲು ದೊಡ್ಡ ಶಾಲೆಗೆ ಟೀಚರನ್ನು ಕೊಡಿ, ಬಾಗಿಲಿಗೆ ಬರುವ ಬಸ್ಸು ಕೊಡಿ, ಬಸ್ಸಿನಲ್ಲಿ ಒಬ್ಬ ಆಯಮ್ಮನನ್ನು ಕೂರಿಸಿ, ಗಾರ್ಮೆಂಟ್ಸ್ ತಾಯಿ ಎಂಟೂವರೆಗೆ ಬಿಟ್ಟುಹೋಗಲು ತೆರೆದ ಬಾಗಿಲು ಇರಲಿ. ಆಗ ಮಕ್ಕಳು ತಾವೇ ಹೋಗುತ್ತಾರೆ, ಆದೇಶ ಬೇಕಿಲ್ಲ. ಮೊದಲು ಬೀಗ, ಆಮೇಲೆ ಬಸ್ಸು ಎಂದರೆ ನಡುವೆ ಕಳೆದುಹೋಗುವವರು ಹೆಣ್ಣುಮಕ್ಕಳು, ಅದೂ ಬೆನ್ನಿಗೊಂದು ತಮ್ಮನಿರುವ ಹೆಣ್ಣುಮಕ್ಕಳು. ವಿಲೀನವಾದ ಮೇಲೆ ಒಂದು ವರ್ಷ ಹೆಸರು ಹಿಡಿದು ಹಾಜರಿ ಕೂಗಿ, ಬಾರದವರ ಮನೆಗೆ ಹೋಗಿ. ಇಷ್ಟಕ್ಕೆ ದೊಡ್ಡ ಯೋಜನೆಯೇನೂ ಬೇಡ.

ಮತ್ತೆ ನೀವು, ಇದನ್ನು ಓದುತ್ತಿರುವ ಸೋದರಿಯರೇ, ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳ ಮಗಳು ಯಾವ ಶಾಲೆಗೆ ಹೋಗುತ್ತಾಳೆ, ಆ ಶಾಲೆ ಈ ವರ್ಷ ಇದೆಯೇ? ಒಮ್ಮೆ ಕೇಳಿ ನೋಡಿ. ನಾನು ಕೇಳಿದ್ದು ತಡವಾಗಿ.

ಹೋದ ತಿಂಗಳು ಸುಮನಹಳ್ಳಿ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ "ಮಿಸ್" ಎಂದು ಓಡಿ ಬಂದಳು. ಕತ್ತಿನಲ್ಲಿ ಗಾರ್ಮೆಂಟ್ಸ್ ಗುರುತಿನ ಚೀಟಿ. ಅದೇ ನಾಲ್ಕನೇ ತರಗತಿಯವಳು. ತಮ್ಮ ಎಂಟು ವರ್ಷದವನಾದ ಮೇಲೆ ಶಾಲೆಗೆ ಸೇರಿದನಂತೆ, ಈಗ ಹೈಸ್ಕೂಲು. ಇವಳು ಸೇರಲಿಲ್ಲ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಬೇಕು ಅಂತ ಆಸೆ. "ನಮ್ ಸ್ಕೂಲಿನ ಟಿ.ಸಿ. ಎಲ್ಲಿ ಕೊಡ್ತಾರೆ ಮಿಸ್? ಅಲ್ಲಿ ಹೋದ್ರೆ ಗೇಟಿಗೆ ಬೀಗ" ಎಂದಳು. ದಾಖಲಾತಿ ರಿಜಿಸ್ಟರು ದೊಡ್ಡ ಶಾಲೆಯ ಕಬ್ಬಿಣದ ಬೀರುವಿನಲ್ಲಿ, ಗಂಟೆಯ ಪಕ್ಕದಲ್ಲಿ ಇರಬೇಕು. ಆಟೋದಲ್ಲಿ ತಂದು ಇಟ್ಟವಳು ನಾನೇ. ಸೋಮವಾರ ಅರ್ಧ ದಿನ ರಜೆ ಹಾಕಿ ಬರುತ್ತೇನೆ, ಜೊತೆಯಲ್ಲೇ ಹೋಗೋಣ ಎಂದು ಅವಳಿಗೆ ಹೇಳಿದ್ದೇನೆ.