ಬೆಲ್ಟು ಕಿತ್ತರೆ ಬಿಲ್ಲು ಯಾರ ತಲೆಗೆ?



2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂತು. ಮಾರುತಿ, ರೆನೋ, ಫೋಕ್ಸ್‌ವ್ಯಾಗನ್ ಕಂಪನಿಗಳು ಇಲ್ಲಿ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿದವು. ಪಟ್ಟಣದವರು ಓಡಿಸಿ ಬಿಟ್ಟ ಡೀಸೆಲ್ ಕಾರು ಈಗ ಅಗ್ಗಕ್ಕೆ ಸಿಗುತ್ತದೆ ಅಂತ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ನಮ್ಮ ಜನ ಸಾಲ ಮಾಡಿ ತರುತ್ತಾರೆ. ಅಗ್ಗ ಯಾವುದು, ದುಬಾರಿ ಯಾವುದು ಅಂತ ಮೊದಲು ತಿಳಿಯಬೇಕು.

ನಮ್ಮ ಟ್ರ್ಯಾಕ್ಟರುಗಳಲ್ಲಿ ವಾಲ್ವುಗಳನ್ನು ಆಡಿಸುವ ಕ್ಯಾಮಿಗೆ ಕಬ್ಬಿಣದ ಹಲ್ಲುಚಕ್ರ. ಸ್ವಿಫ್ಟಿನ 1.3 ಡೀಸೆಲ್‌ಗೆ ಚೈನು. ಡಸ್ಟರಿನ 1.5 ಡೀಸೆಲ್‌ಗಾದರೋ ರಬ್ಬರ್ ಬೆಲ್ಟು. ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸಬೇಕು. ಪಂಪಿನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟಿನ ಹಲ್ಲು ಹಾರಿತು. ಬೆಲ್ಟು ಹೋದರೆ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗಿತು. ಆಮೇಲೆ ಎಂಜಿನ್ ಬಿಚ್ಚಲೇಬೇಕು. ಐವತ್ತು ಸಾವಿರದ ಬಿಲ್ಲು ಬಂದರೆ, 2024-25ರ ಬೆಂಬಲ ಬೆಲೆ 4,290 ರೂಪಾಯಿ ಲೆಕ್ಕದಲ್ಲಿ ಸುಮಾರು 12 ಕ್ವಿಂಟಲ್ ರಾಗಿ ಗ್ಯಾರೇಜಿಗೆ ಸುರಿದಂತೆ!

ಅವಧಿಗೆ ಮೊದಲೇ ಬೆಲ್ಟು ಹೋಯಿತು ಅಂದರೆ ಸಿಗುವ ಉತ್ತರ ಒಂದೇ: "ಧೂಳು ರಸ್ತೆ, ನೀವು ಬೋರ್‌ವೆಲ್ ನೀರು ಹಾಕಿದ್ದೀರಿ." ಇದರಲ್ಲಿ ಅರ್ಧ ನಿಜ. ಗಡಸು ನೀರಿಗೆ ಪಂಪಿನೊಳಗೆ ಸುಣ್ಣ ಕಟ್ಟುತ್ತದೆ, ಸೀಲು ಸವೆಯುತ್ತದೆ. ಕೂಲೆಂಟನ್ನೇ ಹಾಕಬೇಕು, ಅದು ನಮ್ಮ ಕೆಲಸ. ಆದರೆ ಧೂಳು ರಸ್ತೆಯ ನಾಡಿಗೆ ಕಾರು ಮಾರುವವನು ಆ ರಸ್ತೆಗೆ ತಕ್ಕ ಅವಧಿಯನ್ನು ಕನ್ನಡದಲ್ಲಿ ಬರೆದು ಕೊಡಬೇಡವೇ? ನಾವು ಬೆಳೆದದ್ದಕ್ಕೆ ಬೆಲೆ ಕಟ್ಟುವವರು ಬೇರೆಯವರು; ಅವರ ಬೆಲ್ಟಿಗೆ ಬೆಲೆಯೂ ಅವರದೇ, ಆಯುಸ್ಸೂ ಅವರದೇ, ತಪ್ಪು ಮಾತ್ರ ನಮ್ಮದೋ?

ಹಳೆ ಕಾರು ಕೊಳ್ಳುವವರು "ಕಿಲೋಮೀಟರ್ ಕಡಿಮೆ ಓಡಿದೆ" ಅನ್ನೋ ದಲ್ಲಾಳಿ ಮಾತಿಗೆ ಮರುಳಾಗಬೇಡಿ. ನಿಂತಲ್ಲೇ ನಿಂತರೂ ರಬ್ಬರು ಮುದಿಯಾಗುತ್ತದೆ. ಬೆಲ್ಟು ಬದಲಿಸಿದ ಬಿಲ್ಲು ಕೇಳಿ. ಇಲ್ಲದಿದ್ದರೆ ಬೆಲ್ಟು, ಟೆನ್ಷನರ್, ಪಂಪು ಮೂರನ್ನೂ ಒಟ್ಟಿಗೆ ಹಾಕಿಸಿ, ಆ ಖರ್ಚನ್ನು ಕಾರಿನ ಬೆಲೆಯಲ್ಲಿ ಮುರಿಯಿರಿ. ಪಂಪು ಉಳಿಸಿದವನು ಎಂಜಿನ್ ಕಳೆದುಕೊಂಡಾನು.

ಹಣ ಕೊಟ್ಟು ರಿಪೇರಿ ಮಾಡಿಸಿದವನೂ ಗ್ರಾಹಕನೇ. ಹೊಟ್ಟೆಪಾಡಿಗೆ ತಾನೇ ಟ್ಯಾಕ್ಸಿ ಓಡಿಸುವ ದೇವನಹಳ್ಳಿ ಹುಡುಗನೂ ಗ್ರಾಹಕನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕಿತ್ತ ಬೆಲ್ಟು, ಹಳೇ ಪಂಪು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಅವೇ ನಿಮ್ಮ ಸಾಕ್ಷಿ.