ಸೈಟಿನ ಮಾತು ಆಮೇಲೆ, ಮೊದಲು ಬಾಡಿಗೆ ಮನೆ

ಪ್ಲೇಸ್‌ಮೆಂಟ್ ಸೀಸನ್ ಶುರುವಾಗಿದೆ. ಆಫರ್ ಲೆಟರ್ ಕೈಗೆ ಬರೋದೇ ತಡ, ಮನೆಯಲ್ಲಿ ಮಾತು ಎಲ್ಲಿಗೆ ಹೋಗುತ್ತೆ ಅಂತ ನಿಮಗೆಲ್ಲ ಗೊತ್ತು. "ಎರಡು ವರ್ಷ ದುಡ್ಡು ಕೂಡಿಟ್ಟು ಒಂದು ಸೈಟ್ ಮಾಡ್ಕೋ. ಬಾಡಿಗೆ ಕಟ್ಟೋದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ." ಸರ್ಕಾರಗಳದ್ದೂ ಹೆಚ್ಚುಕಮ್ಮಿ ಇದೇ ಧಾಟಿ. 2015ರಲ್ಲಿ ನಗರಗಳಿಗಾಗಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಾಗ 2022ರೊಳಗೆ ಎಲ್ಲರಿಗೂ ಮನೆ ಅಂದರು. ಅಲ್ಲೂ ಮನೆ ಅಂದ್ರೆ ಮುಖ್ಯವಾಗಿ ಸ್ವಂತ ಮನೆಯೇ. ಆದರೆ ನಮ್ಮ ಬ್ಯಾಚಿನ ಬಹುಪಾಲು ಜನ ಮುಂದಿನ ಐದೋ ಹತ್ತೋ ವರ್ಷ ಇರೋದು ಪಿಜಿಯಲ್ಲಿ, ಇಲ್ಲಾ ಬಾಡಿಗೆ ಮನೆಯಲ್ಲಿ. ಅದರ ಬಗ್ಗೆ ಮಾತಾಡೋರು ಯಾರು?

ಬೆಂಗಳೂರಲ್ಲಿ ಮನೆ ಹುಡುಕಲು ಹೊರಟರೆ ಬಾಡಿಗೆ ಎಷ್ಟು ಅನ್ನೋದಕ್ಕಿಂತ ಮೊದಲು ಎದುರಾಗೋದು ‘ಅಡ್ವಾನ್ಸ್’. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡೋದು ಅಲ್ಲಿನ ಹಳೇ ರೂಢಿ. ಈಗ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆ, ಅಷ್ಟೇ. ಒಂದು ಬೆಡ್‌ರೂಮಿನ ಮನೆಗೆ ತಿಂಗಳಿಗೆ 20,000 ಬಾಡಿಗೆ ಅಂದುಕೊಳ್ಳಿ, ಅಡ್ವಾನ್ಸ್ 2 ಲಕ್ಷ. ಮೂರೂವರೆ ಲಕ್ಷದ ಪ್ಯಾಕೇಜಿಗೆ ಸೇರಿದವರ ಕೈಗೆ ತಿಂಗಳಿಗೆ ಬರೋದು 25 ಸಾವಿರದ ಆಸುಪಾಸು. ಅಂದ್ರೆ ಎಂಟು ತಿಂಗಳ ಸಂಬಳವನ್ನು ಕೆಲಸಕ್ಕೆ ಸೇರೋ ಮೊದಲೇ ಹೊಂದಿಸಬೇಕು. ಎಲ್ಲಿಂದ? ಅಪ್ಪನ ಪಿಎಫ್‌ನಿಂದ, ಇಲ್ಲವೇ ಅಮ್ಮನ ಒಡವೆಯಿಂದ. ಆ 2 ಲಕ್ಷವನ್ನು ಬ್ಯಾಂಕಲ್ಲಿ ಆರೂವರೆ ಪರ್ಸೆಂಟಿಗೆ ಇಟ್ಟರೆ ವರ್ಷಕ್ಕೆ 13,000 ಬಡ್ಡಿ ಬರುತ್ತೆ. ಅದನ್ನೂ ನಾವು ಓನರಿಗೆ ಬಿಟ್ಟುಕೊಟ್ಟ ಹಾಗಾಯ್ತು. ಸಾಲದ್ದಕ್ಕೆ ಮನೆ ಖಾಲಿ ಮಾಡುವಾಗ ‘ಪೇಂಟಿಂಗ್’ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆರು ತಿಂಗಳು ಇದ್ದರೂ ಅಷ್ಟೇ, ಆರು ವರ್ಷ ಇದ್ದರೂ ಅಷ್ಟೇ.

ಇದಕ್ಕೆ ಕಾನೂನು ಇಲ್ವಾ ಅಂದ್ರೆ, ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999. ಆದರೆ ಬೆಂಗಳೂರಿನಂಥ ದೊಡ್ಡ ಊರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸೋದಿಲ್ಲ. ಸಣ್ಣ ಊರುಗಳಲ್ಲಿ ಮಿತಿ 2,000. ಇವತ್ತು 3,500ಕ್ಕೆ ಬೆಂಗಳೂರಲ್ಲಿ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ! ಉಳಿದವರಿಗೆಲ್ಲ ಗತಿ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರೋ ಅಗ್ರಿಮೆಂಟ್. ಆ ಅಗ್ರಿಮೆಂಟ್ ಯಾಕೆ ಯಾವಾಗಲೂ 11 ತಿಂಗಳದ್ದೇ ಅಂತ ಯೋಚಿಸಿದ್ದೀರಾ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು. ಅದನ್ನು ತಪ್ಪಿಸೋಕೆ ಒಂದು ತಿಂಗಳು ಕಮ್ಮಿ.

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಓನರ್ ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು. ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಬಣ್ಣ ಬಳಿಸೋದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನ ಕೆಲಸ. ಕೇಳೋಕೆ ಎಷ್ಟು ಹಿತ! ಆದರೆ ಇದು ಮಾದರಿ ಮಾತ್ರ. ಭೂಮಿ ರಾಜ್ಯದ ವಿಷಯ, ಹಾಗಾಗಿ ರಾಜ್ಯಗಳು ಒಪ್ಪಿ ತಮ್ಮ ಕಾನೂನಾಗಿ ಮಾಡಿಕೊಂಡರಷ್ಟೇ ಬೆಲೆ. ಎರಡು ತಿಂಗಳ ಆ ಮಿತಿ ನಮ್ಮ ಕರ್ನಾಟಕಕ್ಕೆ ಇನ್ನೂ ಬಂದಿಲ್ಲ. "ಬ್ಯಾಚುಲರ್ಸ್‌ಗೆ ಕೊಡಲ್ಲ" ಅನ್ನೋ ಬೋರ್ಡು, "ನೀವು ವೆಜ್ಜಾ?" ಅನ್ನೋ ಹೆಸರಲ್ಲಿ ಜಾತಿ ಕೇಳೋ ಚಾಳಿ, ಇವುಗಳ ಬಗ್ಗೆ ಮಾತ್ರ ಮಾದರಿ ಕಾಯ್ದೆಯೂ ಬಾಯಿ ಬಿಟ್ಟಿಲ್ಲ.

ಓನರುಗಳನ್ನೇ ಖಳನಾಯಕರು ಮಾಡೋದು ಬೇಡ. ನಿವೃತ್ತಿ ಹಣವನ್ನೆಲ್ಲ ಸುರಿದು ಮೇಲೊಂದು ಮಹಡಿ ಕಟ್ಟಿಸಿದವರಿಗೆ, ಬಾಡಿಗೆಯವರು ಬಿಡದೇ ಕೂತರೆ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು ಅನ್ನೋ ಭಯ ಸುಳ್ಳಲ್ಲ. ಹತ್ತು ತಿಂಗಳ ಅಡ್ವಾನ್ಸು ಅವರ ಪಾಲಿನ ಇನ್ಶೂರೆನ್ಸು. ಬಾಡಿಗೆ ವ್ಯಾಜ್ಯಗಳಿಗೇ ಬೇರೆ ಕೋರ್ಟು ಮಾಡಿ ಎರಡು-ಮೂರು ತಿಂಗಳಲ್ಲಿ ತೀರ್ಪು ಕೊಡಿ ಅಂತ ಮಾದರಿ ಕಾಯ್ದೆ ಹೇಳೋದು ಈ ಭಯಕ್ಕೇ.

ಈ ಭಯದ ಇನ್ನೊಂದು ಫಲ ಬೀಗ ಹಾಕಿದ ಮನೆಗಳು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆ ಖಾಲಿ ಇದ್ದವು, ನೂರಕ್ಕೆ ಹನ್ನೆರಡರಷ್ಟು. ಅದರ ಮರುವರ್ಷವೇ ಸರ್ಕಾರದ ತಜ್ಞರ ಗುಂಪು ನಗರಗಳಲ್ಲಿ ಸುಮಾರು 1.88 ಕೋಟಿ ಮನೆ ಕೊರತೆ ಅಂದಿತು. ಅದರಲ್ಲಿ ಹೆಚ್ಚುಕಮ್ಮಿ 1.5 ಕೋಟಿ, ಸೂರೇ ಇಲ್ಲದವರ ಲೆಕ್ಕವಲ್ಲ, ಇಕ್ಕಟ್ಟಿನಲ್ಲಿ ಬದುಕೋ ಕುಟುಂಬಗಳ ಲೆಕ್ಕ.

ಯಾಕೆ ಖಾಲಿ ಬಿಡ್ತಾರೆ? ಫ್ಲ್ಯಾಟಿನ ಲೆಕ್ಕ ಹಾಕಿ ನೋಡಿ. 80 ಲಕ್ಷದ ಫ್ಲ್ಯಾಟು, 16 ಲಕ್ಷ ಕೈಯಿಂದ, 64 ಲಕ್ಷ ಸಾಲ, ಎಂಟೂವರೆ ಪರ್ಸೆಂಟು, 20 ವರ್ಷ. ಇಎಂಐ ಸುಮಾರು 55,500. ಕೊನೆಗೆ ಬ್ಯಾಂಕಿಗೆ ಕಟ್ಟಿರೋದು 1.33 ಕೋಟಿ. ಅದೇ ಫ್ಲ್ಯಾಟಿಗೆ 25,000 ಬಾಡಿಗೆ ಬಂದರೆ, ಹಾಕಿದ ಬೆಲೆಯ ಮೇಲೆ ವರ್ಷಕ್ಕೆ ನಾಲ್ಕು ಪರ್ಸೆಂಟೂ ಗಿಟ್ಟಲ್ಲ. ಅಂದ್ರೆ ಹೂಡಿಕೆಗೆ ಅಂತ ಕೊಳ್ಳುವವರು ಬಾಡಿಗೆ ನಂಬಿ ಕೊಳ್ಳುತ್ತಿಲ್ಲ, ರೇಟ್ ಏರುತ್ತೆ ಅಂತ ಬಾಜಿ ಕಟ್ಟುತ್ತಿದ್ದಾರೆ. ಬಾಜಿ ಕಟ್ಟಿದವರಿಗೆ ಮನೆಯೊಳಗೆ ಜನ ಇದ್ದರೇನು, ಜೇಡ ಇದ್ದರೇನು. ಆ ಲೆಕ್ಕದಲ್ಲಿ ಬಾಡಿಗೆ ಕಟ್ಟೋದು ದಂಡ ಅನ್ನೋ ಊರಿನವರ ಮಾತೂ ಅಷ್ಟು ಸರಿಯಲ್ಲ. 25,000 ಬಾಡಿಗೆಗೂ 55,500 ಕಂತಿಗೂ ನಡುವೆ ಇರೋ 30,000ವನ್ನು ಉಳಿಸೋ ಶಿಸ್ತು ಇದ್ದರೆ ಬಾಡಿಗೆದಾರನೂ ಜಾಣನೇ.

ಇಕ್ಕಟ್ಟು ಅಂದ್ನಲ್ಲ, ಅದರಲ್ಲಿ ನಮಗೆ ಹತ್ತಿರದ್ದು ಪಿಜಿ. ಸಿವಿಲ್‌ನವರು ಸ್ವಲ್ಪ ಕಿವಿಗೊಡಿ. ಒಂದೇ ವಾಸದ ಕೋಣೆ ಇರೋ ಕಡೆ ಅದು ಕನಿಷ್ಠ 9.5 ಚದರ ಮೀಟರ್ ಇರಬೇಕು ಅನ್ನುತ್ತೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಹತ್ತಡಿಗೆ ಹತ್ತಡಿ ಕೋಣೆ ಅಂದ್ರೆ 9.29. ನಮ್ಮ ಸೀನಿಯರುಗಳು ಇಂಥದ್ದೇ ಕೋಣೆಯಲ್ಲಿ ಮೂರು ಮಂಚ ಹಾಕಿಸಿಕೊಂಡು ‘ತ್ರೀ ಶೇರಿಂಗ್’ ಅಂತ ಇದ್ದಾರೆ. ಮೂವತ್ತು-ನಲವತ್ತರ ಸೈಟಲ್ಲಿ ಐದು ಮಹಡಿ ಎದ್ದು, ಅಕ್ಕಪಕ್ಕ ಜಾಗ ಬಿಡದೇ ಇದ್ದರೆ ಕಿಟಕಿ ತೆಗೆದರೂ ಕಾಣೋದು ಪಕ್ಕದ ಪಿಜಿಯ ಗೋಡೆ. ನಮ್ಮ ಬಿಲ್ಡಿಂಗ್ ಡ್ರಾಯಿಂಗ್ ಕ್ಲಾಸಲ್ಲಿ ಅದೇ ಮೂವತ್ತು-ನಲವತ್ತರ ಸೈಟಿಗೆ ಪ್ಲಾನ್ ಹಾಕಿಸ್ತಾರೆ. ಹಾಲು, ಅಡುಗೆಮನೆ, ಪೂಜಾರೂಮು, ಒಂದು ಕುಟುಂಬ. ಮೂವತ್ತು ಜನ ಕೆಲಸಗಾರರು ಉಸಿರಾಡೋ ಹಾಗೆ ಇರಬಹುದಾದ ಬಾಡಿಗೆ ಕಟ್ಟಡದ ಪ್ಲಾನನ್ನು ನಾನಂತೂ ಇವತ್ತಿನವರೆಗೆ ಶೀಟ್ ಮೇಲೆ ಎಳೆದಿಲ್ಲ. ಮುಂದಿನ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಇದನ್ನೇ ಕೊಡಿ ಅಂತ ಮೇಷ್ಟ್ರನ್ನು ಕೇಳೋಣ ಅಂತಿದ್ದೀನಿ. ಜೊತೆಗೆ ಯಾರು ಬರ್ತೀರಿ?

ಓಟು ಕೇಳೋಕೆ ಬರುವವರನ್ನು ಅಡ್ವಾನ್ಸಿಗೆ ಎರಡು ತಿಂಗಳ ಮಿತಿ ಯಾವಾಗ ತರ್ತೀರಿ ಅಂತ ಕೇಳಬೇಕು. ನಮ್ಮಲ್ಲಿ ಅನೇಕರ ವೋಟರ್ ಐಡಿ ಊರಿನ ವಿಳಾಸದಲ್ಲೇ ಇರುತ್ತೆ, ಆದ್ದರಿಂದ ಬೆಂಗಳೂರಿನ ಶಾಸಕರಿಗೆ ನಾವು ಲೆಕ್ಕಕ್ಕಿಲ್ಲ. ಹೋದ ಮೇಲೆ ಅಲ್ಲಿಗೆ ಬದಲಿಸಿಕೊಳ್ಳಿ. ಕಾನೂನು ಬರೋವರೆಗೆ, ಸಹಿ ಹಾಕೋ ಮುಂಚೆ ಅಗ್ರಿಮೆಂಟಿನಲ್ಲಿ ಪೇಂಟಿಂಗ್ ಸಾಲು ಎಲ್ಲಿದೆ ನೋಡಿ, ಅಡ್ವಾನ್ಸನ್ನು ಎಷ್ಟು ದಿನದೊಳಗೆ ವಾಪಸ್ ಕೊಡ್ತಾರೆ ಅಂತ ಬರೆಸಿ, ದುಡ್ಡನ್ನು ಬ್ಯಾಂಕ್ ಮೂಲಕವೇ ಹಾಕಿ, ಸೇರಿದ ದಿನವೇ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ.