ಮೈದಾನದಲ್ಲಿ ಯೇಸುವಿನ ಹೆಸರು: ಆಟ ಎಲ್ಲಿಗೆ ಮುಗಿಯುತ್ತದೆ, ಧರ್ಮ ಪ್ರಚಾರ ಎಲ್ಲಿಂದ ಶುರು?

2025ರ ಅಕ್ಟೋಬರ್ 30ರ ರಾತ್ರಿ ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣ. ಮಹಿಳಾ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಒಡ್ಡಿದ್ದ 339 ರನ್‌ಗಳ ಗುರಿಯನ್ನು ಭಾರತ ಮುಟ್ಟಿದಾಗ ಜೆಮಿಮಾ ರಾಡ್ರಿಗಸ್ 127 ರನ್ ಗಳಿಸಿ ಅಜೇಯರಾಗಿ ನಿಂತಿದ್ದರು. ಪಂದ್ಯದ ನಂತರ ಮೈಕ್ ಮುಂದೆ ಬಂದಾಗ ಕಣ್ಣೀರಿನ ನಡುವೆ ಅವರು ಯೇಸುವಿಗೆ ಕೃತಜ್ಞತೆ ಹೇಳಿದರು. ದೇಶ ಸಂಭ್ರಮದಲ್ಲಿರುವಾಗಲೇ ಸಾಮಾಜಿಕ ಜಾಲತಾಣದಲ್ಲಿ ಇನ್ನೊಂದು ಪಂದ್ಯ ಶುರುವಾಯಿತು. ಇದು ಭಕ್ತಿಯೋ, ಪ್ರಚಾರವೋ?

ಶತಕ ಹೊಡೆದು ಆಕಾಶ ನೋಡುವ, ಹಣೆಗೆ ಕುಂಕುಮವಿಟ್ಟು ಬ್ಯಾಟ್ ಹಿಡಿಯುವ, ಪಿಚ್ ಮೇಲೆಯೇ ಸಜ್ದಾ ಮಾಡುವ ಆಟಗಾರರನ್ನು ನೋಡಿದ ದೇಶ ಇದು. ಆದರೂ ಜೆಮಿಮಾ ಮಾತು ವಿವಾದವಾಗಲು ಹಿಂದಿನ ವರ್ಷದ ಒಂದು ಘಟನೆ ಕಾರಣವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಮುಂಬೈನ ಖಾರ್ ಜಿಮ್ಖಾನಾ ಅವರ ಗೌರವ ಸದಸ್ಯತ್ವವನ್ನು ರದ್ದು ಮಾಡಿತು. ಅವರ ತಂದೆ ಕ್ಲಬ್‌ನ ಸಭಾಂಗಣವನ್ನು ಧಾರ್ಮಿಕ ಸಭೆಗಳಿಗೆ ಬಳಸಿದರು ಎಂಬುದು ಕೆಲವು ಸದಸ್ಯರ ಆರೋಪ. ಕ್ಲಬ್‌ನ ನಿಯಮಾವಳಿಯಲ್ಲಿ ಧಾರ್ಮಿಕ ಚಟುವಟಿಕೆಗೆ ಅವಕಾಶವಿಲ್ಲ ಎಂಬುದು ಅವರ ವಾದ. ಪದಾಧಿಕಾರಿಗಳಿಗೆ ತಿಳಿಸಿ, ನಿಯಮದಂತೆ ಪ್ರಾರ್ಥನಾ ಸಭೆ ನಡೆಸಿದ್ದೆವು, ಮತಾಂತರದ ಮಾತೇ ಇಲ್ಲ, ಬೇಡವೆಂದಾಗ ನಿಲ್ಲಿಸಿದೆವು ಎಂದು ತಂದೆ ಉತ್ತರಿಸಿದರು. ಸಭಾಂಗಣ ಬುಕಿಂಗ್‌ನ ತಕರಾರು ಮಗಳ ಸದಸ್ಯತ್ವದ ಮೇಲೆ ಬಂದು ಬಿತ್ತು.

ಕ್ರೀಡೆ ಮತ್ತು ಕ್ರೈಸ್ತ ಧರ್ಮ ಪ್ರಚಾರದ ನಂಟು ಕಲ್ಪನೆಯಲ್ಲ ಎಂಬುದನ್ನೂ ಒಪ್ಪಬೇಕು. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡ್‌ನ ಶಾಲೆಗಳಲ್ಲಿ ಗಟ್ಟಿ ದೇಹ, ಗಟ್ಟಿ ಭಕ್ತಿ ಎಂಬ ಚಿಂತನೆ ಬೆಳೆಯಿತು. 1882ರಲ್ಲಿ ಓವಲ್‌ನಲ್ಲಿ ಆ್ಯಶಸ್ ಹೆಸರಿಗೆ ಕಾರಣವಾದ ಟೆಸ್ಟ್ ಆಡಿದ ಸಿ.ಟಿ. ಸ್ಟಡ್ 1885ರಲ್ಲಿ ಕ್ರಿಕೆಟ್ ಬಿಟ್ಟು ಮಿಷನರಿಯಾಗಿ ಚೀನಾಕ್ಕೆ ಹೋದರು. ಮುಂದೆ ನಮ್ಮ ನೆರೆಯ ಊಟಿಯಲ್ಲೂ ಕೆಲವು ವರ್ಷ ಪಾದ್ರಿಯಾಗಿದ್ದರು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರ ಓದಿದವರು. ಅವರು ಪಾಠ ಹೇಳುತ್ತಿದ್ದದ್ದು ವೈಎಂಸಿಎ ತರಬೇತಿ ಶಾಲೆಯಲ್ಲಿ. ನಾಲ್ಕು ವರ್ಷದ ನಂತರ ವಾಲಿಬಾಲ್ ಹುಟ್ಟಿದ್ದೂ ವೈಎಂಸಿಎಯಲ್ಲೇ. ಇವತ್ತು ನಮ್ಮ ಹಳ್ಳಿಗಳಲ್ಲಿ ಜಾತ್ರೆ, ಗಣೇಶೋತ್ಸವದ ಸಂದರ್ಭದಲ್ಲಿ ನಡೆಯುವ ವಾಲಿಬಾಲ್ ಪಂದ್ಯಾವಳಿಗಳಲ್ಲಿ ಆ ಮೂಲವನ್ನು ಯಾರು ನೆನೆಯುತ್ತಾರೆ?

ಕಾಶ್ಮೀರದ ಚೆಂಡು, ರಾಂಚಿಯ ಹಾಕಿ

ಭಾರತದ ಅನುಭವ ಇನ್ನೂ ಕುತೂಹಲದ್ದು. 1890ರಲ್ಲಿ ಶ್ರೀನಗರಕ್ಕೆ ಬಂದ ಟಿಂಡೇಲ್ ಬಿಸ್ಕೋ ಎಂಬ ಮಿಷನರಿ ಮೇಷ್ಟ್ರು ಮರುವರ್ಷ ತಮ್ಮ ಶಾಲೆಯ ಪಂಡಿತರ ಹುಡುಗರ ಮುಂದೆ ಚರ್ಮದ ಚೆಂಡು ಇಟ್ಟರು. ಚರ್ಮ ಮೈಲಿಗೆ, ಮುಟ್ಟುವುದಿಲ್ಲ ಎಂದರು ಹುಡುಗರು. ಬಿಸ್ಕೋ ಬಲವಂತವಾಗಿಯೇ ಒದೆಯಿಸಿದರು. ಇಂದಿನ ಕಣ್ಣಿಗೆ ಅದು ದಬ್ಬಾಳಿಕೆಯೇ. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಶಾಲೆ ನಡೆಸಿದ ಅವರ ಕೈಯಲ್ಲಿ ಮತಾಂತರಗೊಂಡವರು ಬೆರಳೆಣಿಕೆಯಷ್ಟು ಮಂದಿ. ಕಾಶ್ಮೀರಕ್ಕೆ ದಕ್ಕಿದ್ದು ಫುಟ್‌ಬಾಲ್.

ಛೋಟಾ ನಾಗಪುರದಲ್ಲಿ ಕತೆ ಬೇರೆ. ಅಲ್ಲಿ ಮಿಷನ್ ಶಾಲೆಯಿಂದ ಹಾಕಿಯೂ ಬಂತು, ಧರ್ಮವೂ ಬಂತು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ಗೆ ಭಾರತ ಹಾಕಿ ತಂಡದ ನಾಯಕರಾಗಿ ಹೋದ ಜೈಪಾಲ್ ಸಿಂಗ್ ಮುಂಡಾ ರಾಂಚಿಯ ಸೇಂಟ್ ಪಾಲ್ಸ್ ಶಾಲೆಯ ಹುಡುಗ. ಮಿಷನರಿಗಳೇ ಅವರನ್ನು ಇಂಗ್ಲೆಂಡ್‌ಗೆ ಕರೆದೊಯ್ದರು. ಅದೇ ಜೈಪಾಲ್ ಸಿಂಗ್ ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾದರು. ಅವರನ್ನು ಬೆಳೆಸಿದವರ ಉದ್ದೇಶಕ್ಕೂ ಅವರು ಕೊನೆಗೆ ಹಿಡಿದ ದಾರಿಗೂ ಬಹಳ ಅಂತರವಿತ್ತು.

ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದೊಯ್ದವರೂ ಅವರೇ. ಅದೇ ಪ್ಯಾರಿಸ್‌ನಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಭಾನುವಾರ ಓಡುವುದಿಲ್ಲವೆಂದು 100 ಮೀಟರ್ ಸ್ಪರ್ಧೆ ಬಿಟ್ಟು, 400 ಮೀಟರ್‌ನಲ್ಲಿ ಚಿನ್ನ ಗೆದ್ದರು. ಚೆನ್ನೈನ ನಂದನಂನಲ್ಲಿ ಬಕ್ ಅವರ ಕಾಲೇಜು ಇಂದಿಗೂ ಎಲ್ಲ ಧರ್ಮದ ಪಿಟಿ ಮೇಷ್ಟ್ರುಗಳನ್ನು ತಯಾರು ಮಾಡುತ್ತಿದೆ.

ಕೇಳುವವನು ಎದ್ದು ಹೋಗಬಹುದೇ?

ಹಾಗಾದರೆ ಆಕ್ಷೇಪಕ್ಕೆ ಅರ್ಥವೇ ಇಲ್ಲವೇ? ಇದೆ. ಆದರೆ ಅದು ಜೆಮಿಮಾ ಮಾತಿನಲ್ಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಪ್ರಕರಣ ನೋಡಿ. ಸರ್ಕಾರಿ ಪ್ರೌಢಶಾಲೆಯ ಫುಟ್‌ಬಾಲ್ ಕೋಚ್ ಜೋಸೆಫ್ ಕೆನಡಿ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಕ್ರಮೇಣ ಹುಡುಗರೂ ಸೇರಿಕೊಂಡರು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಕೋಚ್ ಪರ ತೀರ್ಪಿತ್ತಿತು. ಅದು ಅವರ ಖಾಸಗಿ ಪ್ರಾರ್ಥನೆ ಎಂದಿತು. ಆದರೆ ಪ್ರಕರಣದ ದಾಖಲೆಯಲ್ಲೇ ಒಬ್ಬ ತಂದೆಯ ಮಾತಿದೆ: ದೇವರನ್ನು ನಂಬದ ತನ್ನ ಮಗ, ಸೇರದಿದ್ದರೆ ಆಡುವ ಅವಕಾಶ ಕಡಿಮೆಯಾದೀತೆಂಬ ಭಯಕ್ಕೆ ಸೇರಿಕೊಂಡ ಎಂದು. ಕೋಚ್ ಬಾಯಿಬಿಟ್ಟು ಒತ್ತಾಯಿಸಬೇಕಾಗಿಲ್ಲ. ತಂಡದ ಪಟ್ಟಿ ಬರೆಯುವ ಪೆನ್ನು ಅವರ ಕೈಯಲ್ಲಿದ್ದರೆ ಸಾಕು. ಕೋಚ್ ಬೇರೆ ಧರ್ಮದವರಾಗಿ, ಬೇರೆ ಪ್ರಾರ್ಥನೆ ಮಾಡಿದ್ದರೂ ಆ ಹುಡುಗನ ಇಕ್ಕಟ್ಟು ಅಷ್ಟೇ ಇರುತ್ತಿತ್ತು. ಟಿವಿ ನೋಡುವವರಿಗೆ ಬೇಡವೆನಿಸಿದರೆ ಚಾನೆಲ್ ಬದಲಿಸಬಹುದು. ಆ ಹುಡುಗನಿಗೆ ಆ ಸೌಲಭ್ಯ ಇರಲಿಲ್ಲ.

ನಮ್ಮ ಕಾನೂನು ಈ ವ್ಯತ್ಯಾಸವನ್ನು ಅರ್ಧ ಮಾತ್ರ ಹಿಡಿದಿದೆ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ 2022ರಲ್ಲಿ ತಂದ, ಮರುವರ್ಷ ಹೊಸ ಸರ್ಕಾರದ ಸಂಪುಟ ಹಿಂಪಡೆಯಲು ತೀರ್ಮಾನಿಸಿದ ಕಾಯ್ದೆಯಲ್ಲಿ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಉಚಿತ ಶಿಕ್ಷಣ ಎಲ್ಲವೂ ‘ಆಮಿಷ’ದ ಪಟ್ಟಿಯಲ್ಲಿವೆ. ಹಾಗಿದ್ದರೆ ಚರ್ಚ್ ಕೊಡಿಸುವ ಹಾಕಿ ಸ್ಟಿಕ್, ಒಂದು ಜೊತೆ ಶೂ? ಅದನ್ನು ತೀರ್ಮಾನಿಸುವುದು ಸ್ಥಳೀಯ ಠಾಣೆ. ಮತಾಂತರಗೊಂಡವರ ಸಂಬಂಧಿಕರು, ಸಹೋದ್ಯೋಗಿಗಳೂ ದೂರು ಕೊಡಬಹುದಾದ ಕಾಯ್ದೆ ಅದು. ಬ್ರೆಮರ್ಟನ್‌ನ ಹುಡುಗನಂತೆ ಕೋಚ್‌ಗೆ ಹೆದರಿ ಸುಮ್ಮನೆ ಮಂಡಿಯೂರಿದವನು, ಧರ್ಮ ಬದಲಿಸದ ಹೊರತು, ಅದರ ವ್ಯಾಪ್ತಿಗೇ ಬರುವುದಿಲ್ಲ.

ಫಿಫಾ ನಿಯಮ ಅಂಗಿಯ ಮೇಲೆ ಧಾರ್ಮಿಕ ಘೋಷಣೆಯನ್ನು ನಿಷೇಧಿಸಿದೆ. ಒಲಿಂಪಿಕ್ ಸನ್ನದು ಕೂಡ ಕಣದಲ್ಲಿ ಧಾರ್ಮಿಕ ಪ್ರಚಾರ ಬೇಡ ಎನ್ನುತ್ತದೆ. 2024ರ ಪ್ಯಾರಿಸ್‌ನಲ್ಲಿ ಬ್ರೆಜಿಲ್‌ನ ಸ್ಕೇಟ್‌ಬೋರ್ಡ್ ಹುಡುಗಿ ರೈಸಾ ಲಿಯಾಲ್ ಕ್ಯಾಮೆರಾ ಮುಂದೆ ಸಂಜ್ಞಾ ಭಾಷೆಯಲ್ಲಿ ಯೇಸುವಿನ ಬಗ್ಗೆ ಹೇಳಿ, ಕಂಚು ಗೆದ್ದು, ಮನೆಗೆ ಹೋದಳು.